ಈಜುಗಾರರ ಗುಹೆ

ಈಜುಗಾರರ ಗುಹೆಯು ಈಜಿಪ್ಟಿನ ನೈಋತ್ಯ ಮೂಲೆಯಲ್ಲಿ, ಗಿಲ್ಫ್ ಕೆಬೀರ್ ಪ್ರಸ್ಥಭೂಮಿಯ ಪಶ್ಚಿಮದ ಅಂಚಿನಲ್ಲಿರುವ ಪ್ರಾಗೈತಿಹಾಸಿಕ ಶಿಲಾಚಿತ್ರಗಳ ತಾಣ. ಇದು ಸಹಾರಾದ ಪೂರ್ವ ಭಾಗವಾದ ಲಿಬಿಯನ್ ಮರುಭೂಮಿಗೆ ಸೇರಿದೆ. ಮಳೆಯೇ ಬಾರದ ಈ ಪ್ರದೇಶದ ಬಂಡೆಯೊಂದರ ಮೇಲೆ ಕೈಕಾಲು ಚಾಚಿ ಈಜುತ್ತಿರುವಂತೆ ಕಾಣುವ ಮನುಷ್ಯರ ಚಿತ್ರಗಳಿರುವುದರಿಂದ ಗುಹೆಗೆ ಈ ಹೆಸರು ಬಂದಿದೆ. ಹಂಗೇರಿಯ ಅನ್ವೇಷಕ ಲಾಸ್ಲೋ ಅಲ್ಮಾಶಿ 1933ರ ಅಕ್ಟೋಬರಿನಲ್ಲಿ ಇದನ್ನು ಹೊರಜಗತ್ತಿಗೆ ತೋರಿಸಿಕೊಟ್ಟನು. ಸಾವಿರಾರು ವರ್ಷ ಯಾರ ಕೈಗೂ ಸಿಗದೆ ಉಳಿದಿದ್ದ ಚಿತ್ರಗಳು ಆ ನಂತರದ ಕೆಲವೇ ದಶಕಗಳಲ್ಲಿ, ಬಹುಪಾಲು ನೋಡಲು ಬಂದವರಿಂದಲೇ, ಹಾನಿಗೊಳಗಾಗಿವೆ.

ಸ್ಥಳ ಮತ್ತು ಭೂಲಕ್ಷಣ

ಗುಹೆಯಿರುವ ಕಣಿವೆಯನ್ನು ವಾದಿ ಸೂರಾ ಎನ್ನುತ್ತಾರೆ. ಅರಬ್ಬೀ ಭಾಷೆಯಲ್ಲಿ 'ವಾದಿ' ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಒಣತೊರೆಯ ಕಣಿವೆ, 'ಸೂರಾ' ಎಂದರೆ ಚಿತ್ರ. ಈ ಹೆಸರನ್ನು ಕೊಟ್ಟವನು ಅಲ್ಮಾಶಿಯೇ. ಇಲ್ಲಿಂದ ಲಿಬಿಯಾದ ಗಡಿ ಪಶ್ಚಿಮಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿದೆ. ರಾಜಧಾನಿ ಕೈರೋ ನೇರ ರೇಖೆಯಲ್ಲಿ 900 ಕಿ.ಮೀ.ಗೂ ಹೆಚ್ಚು ದೂರ. ಈಜಿಪ್ಟಿನ ಕಡೆ ಜನವಸತಿಯಿರುವ ಸಮೀಪದ ಓಯಸಿಸ್ ದಾಖ್ಲಾ ಕೂಡ 400 ಕಿ.ಮೀ.ಗೂ ಹೆಚ್ಚು ದೂರದಲ್ಲಿದ್ದು, ಅಲ್ಲಿಂದ ಇಲ್ಲಿಯವರೆಗೆ ಊರಿಲ್ಲ, ಬಾವಿಯಿಲ್ಲ, ಪಕ್ಕಾ ರಸ್ತೆಯೂ ಇಲ್ಲ.

ಗಿಲ್ಫ್ ಕೆಬೀರ್ ಎಂದರೆ 'ಮಹಾ ತಡೆಗೋಡೆ'. ಈಜಿಪ್ಟಿನ ರಾಜಮನೆತನದ ಕೆಮಾಲ್ ಎಲ್ ದಿನ್ ಹುಸೇನ್ 1926ರಲ್ಲಿ ಈ ಪ್ರಸ್ಥಭೂಮಿಯನ್ನು ತಲುಪಿ ಅದಕ್ಕೆ ಈ ಹೆಸರಿಟ್ಟನು. ಸುತ್ತಲಿನ ಮರಳುಬಯಲಿನಿಂದ ಸುಮಾರು 300 ಮೀಟರ್ ಎತ್ತರಕ್ಕೆ ಕಡಿದಾಗಿ ಎದ್ದಿರುವ ಮರಳುಗಲ್ಲಿನ ಈ ಗೋಡೆಯ ಎದುರು ನಿಂತವರಿಗೆ ಆ ಹೆಸರು ಅತಿಶಯೋಕ್ತಿ ಎನಿಸುವುದಿಲ್ಲ. ಪ್ರಸ್ಥಭೂಮಿಯ ಅಂಚುಗಳನ್ನು ಹಿಂದಿನ ಕಾಲದ ತೊರೆಗಳು ಆಳವಾಗಿ ಕೊರೆದಿವೆ. ಈಗ ಇಲ್ಲಿ ಬೀಳುವ ಮಳೆಯ ವಾರ್ಷಿಕ ಸರಾಸರಿ ಕೆಲವೇ ಮಿಲಿಮೀಟರುಗಳು. ಹಲವು ವರ್ಷ ಒಂದು ಹನಿಯೂ ಬೀಳದೆ ಕಳೆಯುವುದುಂಟು.

'ಗುಹೆ' ಎಂಬ ಮಾತು ವಾಡಿಕೆಯದು. ವಾಸ್ತವದಲ್ಲಿ ಇದು ಬಂಡೆಯ ಬುಡದಲ್ಲಿ ಗಾಳಿ ಮತ್ತು ನೀರು ಕೊರೆದ, ಹೆಚ್ಚು ಆಳವಿಲ್ಲದ ಕಲ್ಲಾಸರೆ. ಬಾಯಿ ಅಗಲವಾಗಿ ತೆರೆದಿರುವುದರಿಂದ ಒಳಗೋಡೆಗೆ ಹಗಲಿನ ಬೆಳಕು ತಲುಪುತ್ತದೆ. ಅದರೊಂದಿಗೆ ಮರಳು ಹೊತ್ತ ಗಾಳಿಯೂ ತಲುಪುತ್ತದೆ.

ಶೋಧನೆ

1930ರ ದಶಕದ ಆರಂಭದಲ್ಲಿ ಈ ಪ್ರದೇಶಕ್ಕೆ ಅನ್ವೇಷಕರನ್ನು ಎಳೆತಂದದ್ದು ಶಿಲಾಚಿತ್ರಗಳಲ್ಲ, ಜರ್ಜೂರಾ ಎಂಬ ದಂತಕಥೆಯ ಓಯಸಿಸ್. ಮರಳಿನ ನಡುವೆ ಎಲ್ಲಿಯೋ ಅಡಗಿದೆಯೆಂದು ಅರಬ್ಬೀ ಕಥನಗಳು ಹೇಳುತ್ತಿದ್ದ ಈ ಹಸಿರು ಕಣಿವೆಯನ್ನು ಹುಡುಕಲು ಯುರೋಪಿನ ಅಧಿಕಾರಿಗಳೂ ಸಾಹಸಿಗರೂ ಮೋಟಾರು ಗಾಡಿಗಳಲ್ಲಿ ಹೊರಡುತ್ತಿದ್ದರು. 1932ರಲ್ಲಿ ಅಲ್ಮಾಶಿ, ಸರ್ ರಾಬರ್ಟ್ ಕ್ಲೇಟನ್-ಈಸ್ಟ್-ಕ್ಲೇಟನ್, ವಾಯುಪಡೆಯ ಅಧಿಕಾರಿ ಪೆಂಡೆರೆಲ್ ಮತ್ತು ಭೂಮಾಪಕ ಪ್ಯಾಟ್ರಿಕ್ ಕ್ಲೇಟನ್ ಅವರ ತಂಡವು ಜಿಪ್ಸಿ ಮಾತ್ ಜಾತಿಯ ಸಣ್ಣ ವಿಮಾನವೊಂದನ್ನೂ ತಂದಿತ್ತು. ನೆಲದಿಂದ ಹತ್ತಲಾಗದ ಪ್ರಸ್ಥಭೂಮಿಯ ಮೇಲೆ ಹಾರಿದಾಗ ಅದರೊಳಗೆ ಗಿಡಮರಗಳಿರುವ ಕಣಿವೆ ಕಾಣಿಸಿತು.

ಮರುವರ್ಷ ಅಲ್ಮಾಶಿ ಮತ್ತೆ ಬಂದನು. 1933ರ ಅಕ್ಟೋಬರಿನ ಪ್ರಯಾಣದಲ್ಲಿ ಅವನ ಜೊತೆಗಿದ್ದವರು ಜರ್ಮನಿಯ ಜನಾಂಗಶಾಸ್ತ್ರಜ್ಞ ಲಿಯೊ ಫ್ರೊಬೇನಿಯಸ್‌ನ ತಂಡದವರು. ಆಗಲೇ ಈಜುಗಾರರ ಚಿತ್ರಗಳಿರುವ ಕಲ್ಲಾಸರೆ ಪತ್ತೆಯಾಯಿತು. ಛಾಯಾಚಿತ್ರಗಳು ಕಪ್ಪುಬಿಳುಪಿನವಾಗಿದ್ದ ಆ ಕಾಲದಲ್ಲಿ ಬಣ್ಣಗಳನ್ನು ದಾಖಲಿಸಲು ಕೈಯಿಂದ ನಕಲು ಮಾಡುವುದೇ ಮಾರ್ಗವಾಗಿತ್ತು. ತಂಡದಲ್ಲಿದ್ದ ಎಲಿಜಬೆತ್ ಪೌಲಿ ಮತ್ತು ಹನ್ಸ್ ರೋಟರ್ಟ್ ಗೋಡೆಯ ಎದುರು ಕುಳಿತು ಚಿತ್ರಗಳನ್ನು ಕಾಗದಕ್ಕೆ ಇಳಿಸಿದರು. ಫ್ರಾಂಕ್‌ಫರ್ಟಿನ ಫ್ರೊಬೇನಿಯಸ್ ಸಂಸ್ಥೆಯು ಇಂಥ ಶಿಲಾಚಿತ್ರ ನಕಲುಗಳ ದೊಡ್ಡ ಸಂಗ್ರಹವನ್ನು ಹೊಂದಿದೆ. ರೋಟರ್ಟ್ 1952ರಲ್ಲಿ ಈ ಪ್ರದೇಶದ ಶಿಲಾಚಿತ್ರಗಳ ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಮೂಲಚಿತ್ರಗಳ ಕೆಲವು ಭಾಗಗಳು ಉದುರಿಹೋಗಿರುವ ಇಂದು ಈ ಹಳೆಯ ದಾಖಲೆಗಳ ಬೆಲೆ ಆಗಿನವರು ಊಹಿಸಿದ್ದಕ್ಕಿಂತ ಹೆಚ್ಚಾಗಿದೆ.

ಅಲ್ಮಾಶಿ 1934ರಲ್ಲಿ ಹಂಗೇರಿಯನ್ ಭಾಷೆಯಲ್ಲಿ ಪ್ರಕಟಿಸಿದ 'ಅಜ್ಞಾತ ಸಹಾರಾ' ಎಂಬರ್ಥದ ಪುಸ್ತಕದಲ್ಲಿ ಗುಹೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಈ ಚಿತ್ರಗಳನ್ನು ಬರೆದವರು ತಾವು ಕಂಡದ್ದನ್ನೇ ಬರೆದಿದ್ದಾರೆ, ಆದ್ದರಿಂದ ಇಲ್ಲಿ ಹಿಂದೆ ಈಜುವಷ್ಟು ನೀರಿತ್ತು, ನಂತರ ಹವಾಮಾನ ಬದಲಾಗಿ ನಾಡು ಮರುಭೂಮಿಯಾಯಿತು ಎಂಬುದು ಅವನ ವಾದ. ಅಂದಿಗೆ ಇದು ಎಷ್ಟು ಹೊಸದಾಗಿತ್ತೆಂದರೆ, ಪುಸ್ತಕದ ಮೊದಲ ಸಂಪಾದಕನು ಈ ಅಭಿಪ್ರಾಯ ತನ್ನದಲ್ಲವೆಂದು ಅಡಿಟಿಪ್ಪಣಿಗಳಲ್ಲಿ ಸ್ಪಷ್ಟಪಡಿಸಿದನು.

ಚಿತ್ರಗಳು

ಈಜುಗಾರರೆಂದು ಪ್ರಸಿದ್ಧವಾದ ಆಕೃತಿಗಳು ಗಾತ್ರದಲ್ಲಿ ಚಿಕ್ಕವು. ಛಾಯಾಚಿತ್ರಗಳನ್ನು ನೋಡಿ ಗೋಡೆ ತುಂಬುವಷ್ಟು ದೊಡ್ಡ ಚಿತ್ರಗಳನ್ನು ನಿರೀಕ್ಷಿಸಿ ಬಂದವರಿಗೆ ಅವುಗಳನ್ನು ಗುರುತಿಸಲು ಸ್ವಲ್ಪ ಹೊತ್ತೇ ಬೇಕಾಗುತ್ತದೆ. ದೇಹವು ಅಡ್ಡಲಾಗಿ ಚಾಚಿಕೊಂಡಿದೆ. ತಲೆ ಒಂದು ಸಣ್ಣ ಗುಂಡಿಯಂತಿದೆ, ತೋಳುಗಳು ಮುಂದಕ್ಕೆ ಚಾಚಿವೆ, ಕಾಲುಗಳು ಹಿಂದೆ ಮಡಿಚಿಕೊಂಡಿವೆ. ಮುಖದ ವಿವರಗಳಿಲ್ಲ. ನೀರನ್ನು ಸೂಚಿಸುವ ಗೆರೆಯೂ ಇಲ್ಲ. ಕೆಳಗೆ ಮೀನಾಗಲಿ, ಮೇಲೆ ದೋಣಿಯಾಗಲಿ ಇಲ್ಲ. ಇವರು ಈಜುತ್ತಿದ್ದಾರೆಂಬುದಕ್ಕೆ ಆಧಾರ ದೇಹದ ಭಂಗಿಯೊಂದೇ.

ಇವರಲ್ಲದೆ ನಿಂತಿರುವ, ನಡೆಯುತ್ತಿರುವ ಮನುಷ್ಯರ ಗುಂಪುಗಳೂ ಗೋಡೆಯಲ್ಲಿವೆ. ಕೆಲವರ ದೇಹದ ಮೇಲೆ ಬಿಳಿ ಪಟ್ಟಿಗಳಿವೆ. ಸುತ್ತಲಿನ ಬಂಡೆಗಳಲ್ಲಿ ಜಿರಾಫೆಯಂಥ ಕಾಡುಪ್ರಾಣಿಗಳ ಚಿತ್ರಗಳಿವೆ. ಬಳಸಿದ ಬಣ್ಣಗಳು ಮುಖ್ಯವಾಗಿ ಕೆಂಪು ಮತ್ತು ಹಳದಿ ಕಾವಿಮಣ್ಣು ಹಾಗೂ ಬಿಳಿ.

ಚಿತ್ರಗಳ ಕಾಲವನ್ನು ನೇರವಾಗಿ ಅಳೆಯುವುದು ಕಷ್ಟ. ಇಂಗಾಲ ಕಾಲಮಾಪನಕ್ಕೆ ಸಾವಯವ ವಸ್ತು ಬೇಕು, ಕಾವಿಮಣ್ಣು ಖನಿಜ. ಆದ್ದರಿಂದ ಪುರಾತತ್ತ್ವಜ್ಞರು ಸುತ್ತಮುತ್ತಲಿನ ಹಳೆಯ ಬಿಡಾರಗಳಲ್ಲಿ ಸಿಕ್ಕ ಒಲೆಯ ಇದ್ದಿಲು, ಮಡಕೆಚೂರು ಮತ್ತು ಕಲ್ಲಿನ ಉಪಕರಣಗಳ ಕಾಲವನ್ನು ನೋಡಿ ಚಿತ್ರಗಳ ಕಾಲವನ್ನು ಅಂದಾಜಿಸುತ್ತಾರೆ. ಜನಪ್ರಿಯ ಬರಹಗಳಲ್ಲಿ 10,000 ವರ್ಷ ಎಂಬ ಸಂಖ್ಯೆ ಹೆಚ್ಚಾಗಿ ಕಾಣಿಸುತ್ತದೆ. ಕ್ಷೇತ್ರಕಾರ್ಯ ನಡೆಸಿದ ಸಂಶೋಧಕರ ಅಂದಾಜು ಅದಕ್ಕಿಂತ ಈಚಿನದು, ಸ್ಥೂಲವಾಗಿ ಕ್ರಿ.ಪೂ. 6500ರಿಂದ 4400ರ ನಡುವಣ ಅವಧಿ. ವಾದಿ ಸೂರಾದ ಈ ಶೈಲಿಯ ಚಿತ್ರಗಳಲ್ಲಿ ಸಾಕುಪ್ರಾಣಿಗಳು ಕಾಣದಿರುವುದು ಇದಕ್ಕೆ ಪೂರಕವಾಗಿದೆ. ದನಗಾಹಿಗಳು ತಮ್ಮ ಹಸುಗಳ ಮೈಬಣ್ಣವನ್ನೂ ಬಿಡದೆ ಬರೆದ ಚಿತ್ರಗಳು ದಕ್ಷಿಣದ ಜೆಬೆಲ್ ಉವೈನಾತ್ ಬೆಟ್ಟದಲ್ಲಿ ಹೇರಳವಾಗಿವೆ, ಆದರೆ ಅವು ನಂತರದ ಕಾಲದವು.

ಹಸಿರು ಸಹಾರಾ

ಅಲ್ಮಾಶಿಯ ವಾದದ ಅರ್ಧಭಾಗವನ್ನು ನಂತರದ ವಿಜ್ಞಾನವು ಪುಷ್ಟೀಕರಿಸಿತು. ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ, ಸುಮಾರು 11,000 ವರ್ಷಗಳ ಹಿಂದೆ ಉತ್ತರ ಗೋಳಾರ್ಧದ ಬೇಸಿಗೆಯಲ್ಲಿ ಈಗಿಗಿಂತ ಹೆಚ್ಚು ಬಿಸಿಲು ಬೀಳುತ್ತಿತ್ತು. ನೆಲ ಹೆಚ್ಚು ಕಾದು, ಕಡಲಿನ ತೇವಗಾಳಿಯನ್ನು ಹೆಚ್ಚು ಒಳಕ್ಕೆ ಸೆಳೆಯಿತು. ಉಷ್ಣವಲಯದ ಮುಂಗಾರು ಮಳೆಯ ಅಂಚು ಸುಮಾರು 800 ಕಿ.ಮೀ.ವರೆಗೆ ಉತ್ತರಕ್ಕೆ ಸರಿಯಿತು. ಈ ಅವಧಿಯನ್ನು ಆಫ್ರಿಕಾದ ಆರ್ದ್ರ ಯುಗ ಎಂದು ಕರೆಯುತ್ತಾರೆ. ಅಂದಿನ ಪೂರ್ವ ಸಹಾರಾ ದಟ್ಟ ಕಾಡಾಗಿರಲಿಲ್ಲ. ಹುಲ್ಲು, ಚದುರಿದ ಜಾಲಿಮರ, ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತುವ ಹೊಂಡಗಳಿದ್ದ ಬಯಲಾಗಿತ್ತು. ಆ ಹೊಂಡಗಳ ತಳದ ಗಟ್ಟಿಕೆಸರು ಗಿಲ್ಫ್ ಕೆಬೀರ್‌ನ ಕಣಿವೆಗಳಲ್ಲಿ ಇಂದಿಗೂ ಕಾಣಸಿಗುತ್ತದೆ.

ರುಡಾಲ್ಫ್ ಕುಪರ್ ಮತ್ತು ಸ್ಟೆಫಾನ್ ಕ್ರೋಪೆಲಿನ್ 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕ್ರಿ.ಪೂ. 8500ರ ಸುಮಾರಿಗೆ ಮಳೆ ಬಂದ ಬೆನ್ನಲ್ಲೇ ಜನ ಈ ಬಯಲಿಗೆ ಬಂದರು. ಕ್ರಿ.ಪೂ. 5300ರ ನಂತರ ಮಳೆ ಹಿಮ್ಮೆಟ್ಟತೊಡಗಿದಾಗ ಗಿಲ್ಫ್ ಕೆಬೀರ್‌ನಂಥ ಎತ್ತರದ ತಾಣಗಳಿಗೆ, ನೈಲ್ ನದಿಯ ಕಡೆಗೆ ಮತ್ತು ದಕ್ಷಿಣಕ್ಕೆ ಚದುರಿದರು. ಕ್ರಿ.ಪೂ. 3500ರ ಹೊತ್ತಿಗೆ ಮರುಭೂಮಿ ಪೂರ್ಣವಾಗಿ ಮರಳಿತ್ತು. ನೈಲ್ ತೀರದಲ್ಲಿ ಫೇರೋಗಳ ರಾಜ್ಯ ರೂಪುಗೊಂಡದ್ದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ.

ಈಜುಗಾರರ ಕುರಿತ ವಾದಗಳು

ನೀರಿತ್ತು ಎಂಬುದು ಸಾಬೀತಾದ ಮಾತ್ರಕ್ಕೆ ಚಿತ್ರದಲ್ಲಿರುವವರು ಈಜುತ್ತಿದ್ದಾರೆ ಎಂದಾಗುವುದಿಲ್ಲ. ಮಳೆಗಾಲದ ಹೊಂಡಗಳಲ್ಲಿ ಮಕ್ಕಳು ಈಜಾಡಿರಬಹುದು ಎಂಬ ಸರಳ ವಿವರಣೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆದರೂ ಇಂದು ಹೆಚ್ಚಿನ ಸಂಶೋಧಕರು ಈ ಆಕೃತಿಗಳನ್ನು ಸಾಂಕೇತಿಕವೆಂದೇ ಪರಿಗಣಿಸುತ್ತಾರೆ. ಫ್ರಾನ್ಸಿನ ಜೀನ್-ಲೊಯಿಕ್ ಲ ಕೆಲೆಕ್ ಇವನ್ನು ಸತ್ತವರ ಚಿತ್ರಗಳೆಂದು ವಾದಿಸಿದ್ದಾರೆ. ಪ್ರಾಚೀನ ಈಜಿಪ್ಟಿನ ನಂಬಿಕೆಯಲ್ಲಿ ಸೃಷ್ಟಿಗೆ ಮೊದಲು ಇದ್ದ 'ನೂನ್' ಎಂಬ ಆದಿಜಲದಲ್ಲಿ ಮೃತರು ತೇಲುತ್ತಾರೆ. ಆ ಕಲ್ಪನೆಯ ಬೇರು ಮರುಭೂಮಿಯ ಈ ಜನರಲ್ಲಿದ್ದಿರಬಹುದು ಎಂಬುದು ಅವರ ಅಭಿಪ್ರಾಯ.

ಈ ವಾದವು ಆಕರ್ಷಕವಾದುದೇನೋ ಹೌದು. ಆದರೆ ಚಿತ್ರಗಳಿಗೂ ಈಜಿಪ್ಟಿನ ಧಾರ್ಮಿಕ ಬರಹಗಳಿಗೂ ನಡುವೆ ಹಲವು ಸಾವಿರ ವರ್ಷಗಳ ಅಂತರವಿದೆ. ಬರಹವೇ ಇಲ್ಲದಿದ್ದ ಸಮಾಜದ ಮನಸ್ಸನ್ನು ಬಹುಕಾಲದ ನಂತರದ ಇನ್ನೊಂದು ಸಮಾಜದ ಗ್ರಂಥಗಳಿಂದ ಓದುವುದು ಎಷ್ಟು ಸರಿ ಎಂಬ ಆಕ್ಷೇಪಕ್ಕೆ ತೃಪ್ತಿಕರ ಉತ್ತರ ಬಂದಿಲ್ಲ.

ಮೃಗಗಳ ಗುಹೆ

ಈ ಚರ್ಚೆಗೆ ಹೊಸ ಸಾಮಗ್ರಿ ಒದಗಿದ್ದು 2002ರಲ್ಲಿ. ಇಟಲಿಯ ಮಾಸ್ಸಿಮೊ ಮತ್ತು ಯಾಕೊಪೊ ಫೊಗ್ಗಿನಿ ಹಾಗೂ ಈಜಿಪ್ಟಿನ ಅಹ್ಮದ್ ಮೆಸ್ತೆಕಾವಿ ಅವರು ಈಜುಗಾರರ ಗುಹೆಯಿಂದ ಸುಮಾರು 10 ಕಿ.ಮೀ. ದೂರದಲ್ಲಿ ಇನ್ನೊಂದು ಕಲ್ಲಾಸರೆಯನ್ನು ಕಂಡರು. 5,000ಕ್ಕೂ ಹೆಚ್ಚು ಚಿತ್ರಗಳಿರುವ ಇದು ಸಹಾರಾದ ಅತ್ಯಂತ ಸಮೃದ್ಧ ಶಿಲಾಚಿತ್ರ ತಾಣಗಳಲ್ಲಿ ಒಂದು. ಇದರ ಕೆಳಭಾಗ ಮರಳಿನಲ್ಲಿ ಹೂತಿದ್ದುದರಿಂದ ಚಿತ್ರಗಳು ಹೆಚ್ಚು ಚೆನ್ನಾಗಿ ಉಳಿದಿವೆ.

ಇಲ್ಲಿ ತಲೆಯಿಲ್ಲದ ವಿಚಿತ್ರ ಮೃಗಗಳಿದ್ದು, ಅವುಗಳ ಸುತ್ತ ಸಣ್ಣ ಮನುಷ್ಯಾಕೃತಿಗಳು ನೆರೆದಿವೆ. ಕೆಲವು ಮೃಗಗಳ ಮೇಲೆ ಬಲೆಯಂಥ ಗೆರೆಗಳಿವೆ. ಗುಹೆಗೆ ಹೆಸರು ಬಂದದ್ದು ಇವುಗಳಿಂದ. ಈಜುಗಾರರು ಇಲ್ಲಿಯೂ ಇದ್ದಾರೆ, ಮತ್ತು ಮೃಗಗಳ ದಿಕ್ಕಿಗೆ ಸಾಗುತ್ತಿರುವಂತೆ ಕಾಣುತ್ತಾರೆ. ನೀರಿನಲ್ಲಿ ಆಟವಾಡುವ ಜನರ ಚಿತ್ರವೆಂಬ ವಿವರಣೆ ದುರ್ಬಲವಾದದ್ದು ಮುಖ್ಯವಾಗಿ ಈ ಜೋಡಣೆಯಿಂದ.

ಅಂಗೈಯನ್ನು ಗೋಡೆಗೆ ಒತ್ತಿ ಸುತ್ತ ಬಣ್ಣ ಊದಿ ಮೂಡಿಸಿದ ನೂರಾರು ಕೈಯಚ್ಚುಗಳೂ ಇಲ್ಲಿವೆ. ಅವುಗಳಲ್ಲಿ 13 ತೀರ ಚಿಕ್ಕವಾಗಿದ್ದು, ಹಸುಗೂಸುಗಳ ಕೈಗಳೆಂದು ಬಹುಕಾಲ ಭಾವಿಸಲಾಗಿತ್ತು. ಎಮಾನ್ಯುಯೆಲ್ ಓನೊರೆ ಮತ್ತು ಸಂಗಡಿಗರು ಅವುಗಳ ಅಳತೆಗಳನ್ನು ನವಜಾತ ಶಿಶುಗಳ ಕೈಯಳತೆಗಳೊಂದಿಗೆ ಹೋಲಿಸಿ, ಅವು ಮನುಷ್ಯರ ಕೈಗಳೇ ಅಲ್ಲವೆಂದು 2016ರಲ್ಲಿ ಪ್ರಕಟಿಸಿದರು. ಬೆರಳುಗಳ ಪ್ರಮಾಣವು ಉಡ ಅಥವಾ ಮರಿಮೊಸಳೆಯ ಪಾದಕ್ಕೆ ಹೆಚ್ಚು ಹೊಂದುತ್ತದೆ. ಕಲೋನ್ ವಿಶ್ವವಿದ್ಯಾಲಯದ ತಂಡವು ಕುಪರ್ ನೇತೃತ್ವದಲ್ಲಿ ಗುಹೆಯನ್ನು ಲೇಸರ್ ಸ್ಕ್ಯಾನಿಂಗ್ ಮೂಲಕ ದಾಖಲಿಸಿ, 2013ರಲ್ಲಿ ವಿವರವಾದ ಗ್ರಂಥವನ್ನು ಹೊರತಂದಿದೆ.

ಕಾದಂಬರಿ ಮತ್ತು ಚಲನಚಿತ್ರ

ಶ್ರೀಲಂಕಾದಲ್ಲಿ ಹುಟ್ಟಿದ ಕೆನಡಾದ ಲೇಖಕ ಮೈಕೆಲ್ ಒಂಡಾಟ್ಜೆ 1992ರಲ್ಲಿ ಬರೆದ 'ದಿ ಇಂಗ್ಲಿಷ್ ಪೇಷಂಟ್' ಕಾದಂಬರಿ ಮತ್ತು ಅದನ್ನಾಧರಿಸಿದ 1996ರ ಚಲನಚಿತ್ರ ಗುಹೆಯನ್ನು ಜಗತ್ಪ್ರಸಿದ್ಧಗೊಳಿಸಿದವು. ಚಿತ್ರಕ್ಕೆ ಒಂಬತ್ತು ಆಸ್ಕರ್ ಪ್ರಶಸ್ತಿಗಳು ಬಂದವು. ಆದರೆ ತೆರೆಯ ಮೇಲೆ ಕಾಣುವ ಮರುಭೂಮಿ ಟ್ಯುನೀಷಿಯಾದ್ದು, ಗುಹೆ ಚಿತ್ರೀಕರಣಕ್ಕಾಗಿ ನಿರ್ಮಿಸಿದ್ದು. ನಾಯಕನ ಹೆಸರು ಅಲ್ಮಾಶಿಯದ್ದಾದರೂ ಪ್ರೇಮಕಥೆ ಕಾಲ್ಪನಿಕ. ನಿಜವಾದ ಅಲ್ಮಾಶಿ ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಪರ ಕೆಲಸ ಮಾಡಿ, 1942ರಲ್ಲಿ ಇಬ್ಬರು ಗೂಢಚಾರರನ್ನು ಗಿಲ್ಫ್ ಕೆಬೀರ್ ಮಾರ್ಗವಾಗಿ ನೈಲ್ ತೀರದ ಅಸ್ಯೂತ್‌ಗೆ ತಲುಪಿಸಿದನು. 1951ರಲ್ಲಿ ಸಾಲ್ಸ್‌ಬರ್ಗಿನಲ್ಲಿ ಆಮಶಂಕೆಯಿಂದ ತೀರಿಕೊಂಡನು.

ತಲುಪುವ ಮಾರ್ಗ

ಗುಹೆಗೆ ಹೋಗುವುದೆಂದರೆ ಹೋಗಿಬರುವುದು ಸೇರಿ ಸಾಮಾನ್ಯವಾಗಿ ಎರಡು ವಾರಗಳ ಮರುಭೂಮಿ ಪ್ರಯಾಣ. ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ವಾಹನಗಳು ಗುಂಪಾಗಿಯೇ ಸಾಗಬೇಕು. ಒಂದು ಗಾಡಿ ಕೆಟ್ಟರೆ ಇನ್ನೊಂದರ ಹೊರತು ಬೇರೆ ಆಸರೆಯಿಲ್ಲ. ಇಡೀ ಪ್ರಯಾಣಕ್ಕೆ ಬೇಕಾದ ಕುಡಿಯುವ ನೀರು, ಆಹಾರ ಮತ್ತು ಇಂಧನವನ್ನು ಹೊರಡುವಾಗಲೇ ಹೊತ್ತೊಯ್ಯಬೇಕಾಗುತ್ತದೆ. ಪ್ರಯಾಣಗಳು ನಡೆಯುತ್ತಿದ್ದುದು ಚಳಿಗಾಲದ ಆಸುಪಾಸಿನಲ್ಲಿ. ಆಗ ಹಗಲು ಹಿತವಾಗಿರುತ್ತದೆ, ರಾತ್ರಿಯ ಉಷ್ಣತೆ ಹೆಪ್ಪುಗಟ್ಟುವ ಮಟ್ಟದ ಸಮೀಪಕ್ಕೆ ಇಳಿಯುವುದುಂಟು.

ರೂಢಿಯ ಮಾರ್ಗವು ಕೈರೋದಿಂದ ಬಹರಿಯಾ, ಫರಾಫ್ರಾ ಮತ್ತು ದಾಖ್ಲಾ ಓಯಸಿಸ್‌ಗಳ ಮೂಲಕ ಸಾಗಿ, ಅಲ್ಲಿಂದ ನೈಋತ್ಯಕ್ಕೆ ಮರಳಿಗಿಳಿಯುತ್ತದೆ. ದಾರಿಯಲ್ಲಿ ಸಿಗುವ ಅಬು ಬಲ್ಲಾಸ್ ಅಥವಾ 'ಮಡಕೆಗಳ ಗುಡ್ಡ' ಒಂದು ಕುತೂಹಲಕರ ತಾಣ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ, ಒಂಟೆಗಳು ಬಳಕೆಗೆ ಬರುವ ಮೊದಲು, ದಾಖ್ಲಾದಿಂದ ಗಿಲ್ಫ್ ಕೆಬೀರ್ ಕಡೆಗೆ ಕತ್ತೆಗಳ ಸಾಲು ಸುಮಾರು 400 ಕಿ.ಮೀ. ಸಾಗುತ್ತಿತ್ತು. ಆ ಕತ್ತೆಗಳಿಗಾಗಿ ನೀರು ತುಂಬಿಟ್ಟ ದೊಡ್ಡ ಮಡಕೆಗಳ ಅವಶೇಷಗಳು ಗುಡ್ಡದ ಬುಡದಲ್ಲಿವೆ. ಮುಂದೆ ಪ್ರಸ್ಥಭೂಮಿಯನ್ನು ಅಕಾಬಾ ಎಂಬ ಕಣಿವೆದಾರಿಯ ಮೂಲಕ ದಾಟಿ, ಪಶ್ಚಿಮದ ಬುಡದಗುಂಟ ವಾದಿ ಸೂರಾ ಸೇರಬಹುದು. ಮಹಾಯುದ್ಧದ ಕಾಲದ ನೆಲಬಾಂಬುಗಳು ಈ ಪ್ರದೇಶದಲ್ಲಿ ಅಲ್ಲಲ್ಲಿ ಉಳಿದಿರುವುದರಿಂದ, ಅನುಭವಿ ಚಾಲಕರು ಹಳೆಯ ಚಕ್ರದ ಗುರುತುಗಳನ್ನು ಬಿಟ್ಟು ಕದಲುವುದಿಲ್ಲ.

ಪ್ರಯಾಣಕ್ಕೆ ಈಜಿಪ್ಟಿನ ಸೇನೆಯ ಅನುಮತಿ ಕಡ್ಡಾಯ. 2008ರ ಸೆಪ್ಟೆಂಬರಿನಲ್ಲಿ ಗಿಲ್ಫ್ ಕೆಬೀರ್ ಪ್ರದೇಶದಲ್ಲಿ ಶಸ್ತ್ರಧಾರಿಗಳು 11 ಮಂದಿ ಯುರೋಪಿನ ಪ್ರವಾಸಿಗರನ್ನೂ ಅವರ ಜೊತೆಗಿದ್ದ 8 ಮಂದಿ ಈಜಿಪ್ಟಿನವರನ್ನೂ ಅಪಹರಿಸಿದರು. ಸುಮಾರು ಹತ್ತು ದಿನಗಳ ನಂತರ ಎಲ್ಲರೂ ಜೀವಂತವಾಗಿ ಬಿಡುಗಡೆಯಾದರು. ಲಿಬಿಯಾದಲ್ಲಿ 2011ರಲ್ಲಿ ಆರಂಭವಾದ ಅಂತರ್ಯುದ್ಧದಿಂದ ಗಡಿ ಇನ್ನಷ್ಟು ಅಪಾಯಕಾರಿಯಾಯಿತು. 2015ರ ಸೆಪ್ಟೆಂಬರಿನಲ್ಲಿ ಬಹರಿಯಾ ಸಮೀಪ ಭದ್ರತಾ ಪಡೆಗಳು ಪ್ರವಾಸಿಗರ ವಾಹನಗಳನ್ನು ಉಗ್ರರದೆಂದು ತಪ್ಪಾಗಿ ತಿಳಿದು ದಾಳಿ ಮಾಡಿದಾಗ ಮೆಕ್ಸಿಕೋದ 8 ಮಂದಿ ಸೇರಿ 12 ಜನ ಸತ್ತರು. ಆ ಬಳಿಕ ಪಶ್ಚಿಮ ಮರುಭೂಮಿಯ ಒಳಭಾಗಕ್ಕೆ ಪ್ರವಾಸದ ಅನುಮತಿ ಸಿಗುವುದು ಬಹುಮಟ್ಟಿಗೆ ನಿಂತಿತು.

ಹಾನಿ ಮತ್ತು ಸಂರಕ್ಷಣೆ

ಮರಳುಗಲ್ಲು ಸಹಜವಾಗಿಯೇ ಪದರಪದರವಾಗಿ ಉದುರುವ ಕಲ್ಲು. ಗುಹೆಯ ಕೆಳಭಾಗದ ಗೋಡೆ ಹೀಗೆ ಉದುರಿದ್ದು, ಅಲ್ಲಿದ್ದ ಚಿತ್ರಗಳು ಶಾಶ್ವತವಾಗಿ ಇಲ್ಲವಾಗಿವೆ. ಆದರೆ ಚಲನಚಿತ್ರದ ನಂತರ ಪ್ರವಾಸಿಗರು ಹೆಚ್ಚಿದಂತೆ ಆದ ಹಾನಿ ಬೇರೆ ಬಗೆಯದು. ಮಾಸಿದ ಬಣ್ಣ ಛಾಯಾಚಿತ್ರದಲ್ಲಿ ಎದ್ದುಕಾಣಲೆಂದು ಕೆಲವರು ಗೋಡೆಗೆ ನೀರು ಚಿಮುಕಿಸಿದರು. ಒದ್ದೆಯಾದ ಕಲ್ಲಿನ ಬಣ್ಣ ಕ್ಷಣಕಾಲ ಗಾಢವಾಗುತ್ತದೆ. ನೀರು ಆರುವಾಗ ಕಲ್ಲಿನೊಳಗಿನ ಲವಣ ಮೇಲ್ಮೈಗೆ ಬಂದು ಹರಳುಗಟ್ಟಿ, ಬಣ್ಣದ ಪದರವನ್ನು ಒಳಗಿನಿಂದ ಬಿರಿಯುವಂತೆ ಮಾಡುತ್ತದೆ. ನೀರನ್ನು ನೆನಪಿಸುವ ಚಿತ್ರಗಳಿಗೆ ನೀರೇ ಕುತ್ತಾದದ್ದು ಹೀಗೆ. ನೆನಪಿಗಾಗಿ ಚೂರುಗಳನ್ನು ಕಿತ್ತೊಯ್ದವರೂ ಗೋಡೆಯ ಮೇಲೆ ಗೀಚಿದವರೂ ಇದ್ದಾರೆ.

ಈಜಿಪ್ಟ್ ಸರ್ಕಾರವು 2007ರಲ್ಲಿ ಗಿಲ್ಫ್ ಕೆಬೀರ್ ಮತ್ತು ಸುತ್ತಲಿನ ಸುಮಾರು 48,500 ಚದರ ಕಿ.ಮೀ. ಪ್ರದೇಶವನ್ನು ಸಂರಕ್ಷಿತವೆಂದು ಘೋಷಿಸಿತು. ಮಾರ್ಗದರ್ಶಿಗಳಿಗೆ ತರಬೇತಿ, ಕಸದ ವಿಲೇವಾರಿಯಂಥ ಕ್ರಮಗಳೂ ನಡೆದವು. ಇಷ್ಟು ವಿಸ್ತಾರವಾದ, ಜನವಸತಿಯಿಲ್ಲದ ನಾಡಿನಲ್ಲಿ ಪ್ರತಿಯೊಂದು ಕಲ್ಲಾಸರೆಗೂ ಕಾವಲಿಡುವುದು ಸಾಧ್ಯವಿಲ್ಲ. ಉದುರಿದ ಬಣ್ಣವನ್ನು ಮತ್ತೆ ಅಂಟಿಸುವ ವಿಧಾನವೂ ಇಲ್ಲ. ಆದ್ದರಿಂದ ಸಂಶೋಧಕರು ಒತ್ತು ಕೊಟ್ಟಿರುವುದು ಉಳಿದ ಚಿತ್ರಗಳನ್ನು ನಿಖರವಾಗಿ ದಾಖಲಿಸುವುದಕ್ಕೆ. 1933ರಲ್ಲಿ ಕಾಗದದ ಮೇಲೆ ಆರಂಭವಾದ ಆ ಕೆಲಸ ಈಗ ಡಿಜಿಟಲ್ ಛಾಯಾಗ್ರಹಣ ಮತ್ತು ಲೇಸರ್ ಅಳತೆಗಳ ಮೂಲಕ ಮುಂದುವರಿದಿದೆ. ಬರಿಗಣ್ಣಿಗೆ ಕಾಣದಷ್ಟು ಮಾಸಿದ ಗೆರೆಗಳನ್ನು ಛಾಯಾಚಿತ್ರದಲ್ಲೇ ಬಣ್ಣ ಹೆಚ್ಚಿಸಿ ಕಾಣುವಂತೆ ಮಾಡುವ ತಂತ್ರಾಂಶಗಳು ಬಂದಿರುವುದರಿಂದ, ಗೋಡೆಯನ್ನು ಒದ್ದೆಮಾಡುವ ಅಗತ್ಯ ಯಾರಿಗೂ ಉಳಿದಿಲ್ಲ.